ಗ್ರಾಹಕ ಪ್ರಶ್ನೋತ್ತರ: ‘ವಾಪಸಾತಿ ಇಲ್ಲ’ ಎಂದು ಬರೆದುಬಿಟ್ಟರೆ ಆಯಿತೇ?

ಪ್ರಶ್ನೆ: ಮಾನ್ಯರೇ, ಮಗಳ ಸೀಮಂತಕ್ಕೆಂದು ಆನ್‌ಲೈನ್ ಮಾರುಕಟ್ಟೆಯೊಂದರಿಂದ 7,400 ರೂಪಾಯಿಯ ಸೀರೆ ತರಿಸಿದೆ. ಪುಟದಲ್ಲಿ ‘ಶುದ್ಧ ರೇಷ್ಮೆ’ ಎಂದಿತ್ತು. ಬಂದದ್ದು ನೋಡಿದರೆ ಆರ್ಟ್ ಸಿಲ್ಕ್‌ನಂತಿದೆ. ಮಾರಾಟಗಾರರು ‘ಈ ಸೀರೆಗೆ ವಾಪಸಾತಿ ಇಲ್ಲ, ಬೇಕಾದರೆ ಬೇರೆ ಬಣ್ಣದ್ದು ಕಳಿಸುತ್ತೇವೆ’ ಎನ್ನುತ್ತಾರೆ. ಮಾರುಕಟ್ಟೆ ನಡೆಸುವ ಕಂಪನಿಯವರು ‘ನಾವು ವೇದಿಕೆ ಮಾತ್ರ’ ಎಂದು ಜಾರಿಕೊಳ್ಳುತ್ತಾರೆ. ಹಣ ವಾಪಸ್ ಪಡೆಯಲು ದಾರಿಯಿದೆಯೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಇದೆ. ‘ವಾಪಸಾತಿ ಇಲ್ಲ’ ಎಂಬ ಷರತ್ತು ಅನ್ವಯಿಸುವುದು ವಸ್ತು ಸರಿಯಾಗಿದ್ದೂ ನಮಗೆ ಬೇಡವೆನಿಸಿದ ಸಂದರ್ಭಕ್ಕೆ. ವಸ್ತುವೇ ಸರಿಯಿಲ್ಲದಿದ್ದಾಗ ಆ ಷರತ್ತಿನ ಹಿಂದೆ ಅಡಗಿಕೊಳ್ಳಲು ಮಾರಾಟಗಾರರಿಗೆ ಕಾನೂನು ಅವಕಾಶ ಕೊಡುವುದಿಲ್ಲ. ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಆರನೆಯ ನಿಯಮದ ಪ್ರಕಾರ ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೆ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ, ಅದನ್ನು ಹಿಂದಕ್ಕೆ ಪಡೆಯಲಾಗಲಿ ಹಣ ಮರಳಿಸಲಾಗಲಿ ಮಾರಾಟಗಾರರು ನಿರಾಕರಿಸುವಂತಿಲ್ಲ. ‘ಶುದ್ಧ ರೇಷ್ಮೆ’ ಎಂದು ಬರೆದು ಕೃತಕ ನೂಲಿನ ಸೀರೆ ಕಳಿಸಿದ್ದರೆ ಅದು ಇದರೊಳಗೆ ಬರುತ್ತದೆ. ಬೇರೆ ಬಣ್ಣದ ಸೀರೆಯನ್ನು ಒಪ್ಪಿಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಅದೂ ಆರ್ಟ್ ಸಿಲ್ಕೇ ಆಗಿರಬಹುದೆಂಬ ಅನುಮಾನ ನನಗಂತೂ ಇದೆ.

‘ನಾವು ವೇದಿಕೆ ಮಾತ್ರ’ ಎಂಬ ಉತ್ತರವೂ ನಿಲ್ಲುವಂಥದ್ದಲ್ಲ. ಪುಟದಲ್ಲಿರುವ ಚಿತ್ರ, ವಿವರಣೆಗಳು ವಸ್ತುವಿನ ನಿಜವಾದ ಗುಣಮಟ್ಟಕ್ಕೆ ಹೊಂದುತ್ತವೆ ಎಂದು ಪ್ರತಿಯೊಬ್ಬ ಮಾರಾಟಗಾರರಿಂದ ಮುಚ್ಚಳಿಕೆ ಪಡೆಯಬೇಕಾದದ್ದು ಆ ವೇದಿಕೆಯ ಕರ್ತವ್ಯವೆಂದು ಇದೇ ನಿಯಮಗಳು ಹೇಳುತ್ತವೆ. ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಅವರು ತಮ್ಮ ಜಾಲತಾಣದಲ್ಲಿ ಪ್ರಕಟಿಸಿರಬೇಕು. ಆ ಅಧಿಕಾರಿಗೆ ಇಮೇಲ್ ಮೂಲಕವೇ ಬರೆಯಿರಿ, ಏಕೆಂದರೆ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಆಡಿದ ಮಾತಿಗೆ ನಿಮ್ಮ ಕೈಯಲ್ಲಿ ದಾಖಲೆ ಉಳಿಯುವುದಿಲ್ಲ. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸುವ ಹೊಣೆ ಅವರದು. ಮಾರಾಟಗಾರರ ಪೂರ್ಣ ವಿಳಾಸವನ್ನೂ ಅದೇ ಪತ್ರದಲ್ಲಿ ಕೇಳಿ. ಕೊಂಡವರು ಲಿಖಿತವಾಗಿ ಕೇಳಿದರೆ ವೇದಿಕೆಯವರು ಅದನ್ನು ಕೊಡಲೇಬೇಕು, ಮುಂದೆ ಆಯೋಗಕ್ಕೆ ಹೋಗಬೇಕಾದರೆ ಅದು ಬೇಕಾಗುತ್ತದೆ.

ಇನ್ನು ಸಾಕ್ಷ್ಯದ ಮಾತು. ಸೀರೆಗೆ ಫಾಲ್ಸ್ ಹಾಕಿಸಬೇಡಿ, ರವಿಕೆ ಕಣ ಕತ್ತರಿಸಬೇಡಿ. ಮನೆಯ ಹಿರಿಯರು ಒಂದೆಳೆ ನೂಲು ಕಿತ್ತು ಸುಟ್ಟು, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಎಂದು ತೀರ್ಮಾನಿಸುತ್ತಾರೆ. ಅವರ ಮೂಗಿನ ಮೇಲೆ ನನಗೆ ಅವಿಶ್ವಾಸವಿಲ್ಲ. ಆದರೆ ಎಳೆ ಕಿತ್ತ ಸೀರೆಯನ್ನು ‘ಬಳಸಿ ಹಾಳು ಮಾಡಿದ್ದು’ ಎನ್ನಲು ಮಾರಾಟಗಾರರಿಗೆ ನೆಪ ಸಿಗುತ್ತದೆ. ನೀವು ಬೆಂಗಳೂರಿನಲ್ಲೇ ಇರುವುದರಿಂದ ಒಂದು ಅನುಕೂಲವಿದೆ: ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿ ಬಿಟಿಎಂ ಬಡಾವಣೆಯಲ್ಲಿದ್ದು, ಅದರ ಆಶ್ರಯದ ಸಿಲ್ಕ್ ಮಾರ್ಕ್ ಸಂಸ್ಥೆಯ ಮೂಲಕ ರೇಷ್ಮೆಯ ಶುದ್ಧತೆಯನ್ನು ಪರೀಕ್ಷಿಸಿಕೊಳ್ಳಬಹುದು. ಅಲ್ಲಿಂದ ಸಿಗುವ ಲಿಖಿತ ವರದಿಗೆ ಇರುವ ತೂಕ ಹತ್ತು ಫೋಟೋಗಳಿಗೂ ಇರದು. ಸೀರೆಯ ಪುಟದ ಸ್ಕ್ರೀನ್‌ಶಾಟ್ ಅನ್ನು ಇವತ್ತೇ ತೆಗೆದಿಟ್ಟುಕೊಳ್ಳಿ. ದೂರು ಹೋದ ಮೇಲೆ ‘ಶುದ್ಧ ರೇಷ್ಮೆ’ ಎಂಬುದು ‘ರೇಷ್ಮೆಯಂಥ’ ಎಂದಾಗಲು ಒಂದು ಗಳಿಗೆ ಸಾಕು.

ತಿಂಗಳು ಕಳೆದರೂ ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೂ ಮಾತನಾಡಬಹುದು. ಅವರು ಕಂಪನಿಗೆ ದೂರು ತಲುಪಿಸಿ ರಾಜಿಗೆ ಪ್ರಯತ್ನಿಸುತ್ತಾರೆಯೇ ಹೊರತು ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆದೇಶ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಮಾರಾಟಗಾರರು ಸೂರತ್‌ನಲ್ಲಿದ್ದರೂ ವಾರಾಣಸಿಯಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಊರಿನಲ್ಲಿಯೇ ದೂರು ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ಸರ್ಕಾರದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು. ಕಾಲಮಿತಿ ಎರಡು ವರ್ಷ. 7,400 ರೂಪಾಯಿಗೆ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ; ಸೀರೆಯ ಬೆಲೆಯ ಜೊತೆಗೆ ಮಾನಸಿಕ ಕಿರಿಕಿರಿಗೆ ಪರಿಹಾರವನ್ನೂ ವ್ಯಾಜ್ಯದ ಖರ್ಚನ್ನೂ ಕೇಳಬಹುದೆಂಬುದನ್ನು ಅವರು ಗಮನಿಸಬೇಕು.

ಪ್ರಶ್ನೆ: ವರಮಹಾಲಕ್ಷ್ಮಿ ಹಬ್ಬಕ್ಕೆ ಅಲಂಕಾರದ ಮಂಟಪ ತರಿಸಿದ್ದೆವು. ಬುಧವಾರ ತಲುಪುತ್ತದೆ ಎಂದಿದ್ದರು. ಶುಕ್ರವಾರ ಹಬ್ಬ ಮುಗಿಯಿತು, ಮಂಟಪ ಬಂದದ್ದು ಭಾನುವಾರ. ವಸ್ತು ಚೆನ್ನಾಗಿಯೇ ಇದೆ, ಆದರೆ ಈಗ ಬೇಡ. ಮರಳಿಸಬಹುದೇ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಮರಳಿಸಬಹುದು. ಹೇಳಿದ ದಿನಕ್ಕೆ ತಲುಪದಿರುವುದೊಂದೇ ಕಾರಣ ಸಾಕು. ಪ್ರವಾಹದಂಥ, ಯಾರ ಕೈಯಲ್ಲೂ ಇಲ್ಲದ ಅಡಚಣೆಯಿಂದ ತಡವಾಗಿದ್ದರೆ ಮಾತ್ರ ಈ ಹಕ್ಕು ಅನ್ವಯಿಸದು. ಹಬ್ಬದ ಮುಂಚಿನ ಆರ್ಡರ್‌ಗಳ ನೂಕುನುಗ್ಗಲು ಆ ಪಟ್ಟಿಗೆ ಸೇರುವುದಿಲ್ಲವೆಂದೇ ನನ್ನ ಅಭಿಪ್ರಾಯ, ಹಬ್ಬ ಯಾವತ್ತು ಎಂಬುದು ಪಂಚಾಂಗ ನೋಡುವ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಎರಡು ವಿಷಯಗಳಲ್ಲಿ ಎಚ್ಚರವಿರಲಿ. ತಡವಾದಂತೆಲ್ಲ ಆ್ಯಪ್ ತಾನೇ ತಲುಪುವ ದಿನವನ್ನು ಮುಂದಕ್ಕೆ ಬದಲಿಸುತ್ತಾ ಹೋಗುವುದುಂಟು. ಆದ್ದರಿಂದ ‘ಬುಧವಾರ’ ಎಂದಿದ್ದ ಮೊದಲಿನ ಇಮೇಲನ್ನಾಗಲಿ ಎಸ್ಸೆಮ್ಮೆಸ್ಸನ್ನಾಗಲಿ ಅಳಿಸಬೇಡಿ. ಮರಳಿಸುವಾಗ ಕಾರಣ ಆಯ್ದುಕೊಳ್ಳಲು ಆ್ಯಪ್ ತೋರಿಸುವ ಪಟ್ಟಿಯಲ್ಲಿ, ಕೈಗೆ ಮೊದಲು ಸಿಕ್ಕಿತೆಂದು ‘ಈಗ ಬೇಡ’ ಎಂಬುದನ್ನು ಒತ್ತಿಬಿಡಬೇಡಿ. ಹಾಗೆ ಒತ್ತಿದರೆ, ಮನಸ್ಸು ಬದಲಾಯಿಸಿದವರು ನೀವು ಎಂದು ನಿಮ್ಮ ಕೈಯಿಂದಲೇ ಬರೆದುಕೊಟ್ಟಂತಾಗುತ್ತದೆ.

ಪ್ರಶ್ನೆ: ಸೋಫಾ ಆರ್ಡರ್ ಮಾಡಿದ ಎರಡು ಗಂಟೆಯೊಳಗೆ, ಮನೆಯವರಿಗೆ ಬಣ್ಣ ಒಪ್ಪಿಗೆಯಾಗದೆ ರದ್ದು ಮಾಡಿದೆ. ರದ್ದತಿ ಶುಲ್ಕವೆಂದು ಶೇ 10ರಷ್ಟು ಹಿಡಿದುಕೊಂಡಿದ್ದಾರೆ. ವಿದೇಶದಲ್ಲಿ 14 ದಿನದೊಳಗೆ ಯಾವ ಕಾರಣವನ್ನೂ ಕೊಡದೆ ಮರಳಿಸಬಹುದು ಎನ್ನುತ್ತಾರೆ, ನಮ್ಮಲ್ಲಿಲ್ಲವೇ?
– ಓದುಗರೊಬ್ಬರು, ಯಲಹಂಕ ಉಪನಗರ

ಉತ್ತರ: ಆ 14 ದಿನಗಳ ಹಕ್ಕು ಯೂರೋಪಿಯನ್ ಒಕ್ಕೂಟದ ಕಾನೂನಿನದು. ಬರೀ ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಮರಳಿಸುವ ಅಂಥ ಸಾರ್ವತ್ರಿಕ ಹಕ್ಕು ನಮ್ಮ ಕಾಯ್ದೆಯಲ್ಲಿಲ್ಲ. ಏಳು ದಿನ, ಹತ್ತು ದಿನ ಎಂದು ಕಂಪನಿಗಳು ಕೊಡುವ ಅವಕಾಶ ಅವುಗಳ ವ್ಯಾಪಾರನೀತಿಯಷ್ಟೆ. ಹೀಗಾಗಿ ಆರ್ಡರ್ ಮಾಡುವ ಮುನ್ನ ಆ ನೀತಿಯನ್ನು ಓದಲೇಬೇಕು. ಆದರೆ ನೀವು ಸೋಫಾ ಹೊರಡುವ ಮೊದಲೇ ರದ್ದು ಮಾಡಿದ್ದೀರಿ, ಇದು ಬೇರೆಯೇ ಪ್ರಶ್ನೆ. ಕಂಪನಿಯು ತಾನಾಗಿ ಆರ್ಡರ್ ರದ್ದು ಮಾಡಿದಾಗ ಗ್ರಾಹಕರಿಗೆ ಅಂಥದ್ದೇ ಶುಲ್ಕವನ್ನು ತೆರುವುದಾದರೆ ಮಾತ್ರ ಗ್ರಾಹಕರಿಂದಲೂ ರದ್ದತಿ ಶುಲ್ಕ ವಸೂಲು ಮಾಡಬಹುದೆಂದು 2020ರ ನಾಲ್ಕನೆಯ ನಿಯಮ ಹೇಳುತ್ತದೆ. ‘ಸ್ಟಾಕ್ ಇಲ್ಲ’ ಎಂದು ಆರ್ಡರ್ ಕೈಬಿಟ್ಟಾಗ ನೀವು ನಮಗೆ ಶೇ 10ರಷ್ಟು ಕೊಡುತ್ತೀರಾ ಎಂದು ಕುಂದುಕೊರತೆ ಅಧಿಕಾರಿಯನ್ನು ಲಿಖಿತವಾಗಿ ಕೇಳಿ, ಆ ನಿಯಮವನ್ನೂ ಉಲ್ಲೇಖಿಸಿ.

ಪ್ರಶ್ನೆ: ಹಣ ಕಟ್ಟುವ ಹೊತ್ತಿಗೆ ಬಿಲ್ಲಿನಲ್ಲಿ ನಾನು ಕೇಳದ 99 ರೂಪಾಯಿಯ ‘ವಿಮೆ’ ಸೇರಿತ್ತು. ಗಮನಿಸದೆ ಕಟ್ಟಿಬಿಟ್ಟೆ.
– ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಗ್ರಾಹಕರು ಸ್ಪಷ್ಟವಾಗಿ ಒಪ್ಪದೆ ಬಿಲ್ಲಿಗೆ ಹೀಗೆ ಬೇರೇನನ್ನೋ ತೂರಿಸುವುದನ್ನು, 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ನಿಷೇಧಿಸಿದ 13 ಬಗೆಯ ವಂಚಕ ವಿನ್ಯಾಸಗಳಲ್ಲಿ ಒಂದೆಂದು ಎಣಿಸಿವೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ನಿಮ್ಮ ಒಪ್ಪಿಗೆಯೆಂದು ಪರಿಗಣಿಸುವಂತಿಲ್ಲ. ಹಣ ವಾಪಸ್ ಕೇಳಿ, ಜೊತೆಗೆ 1915ರಲ್ಲಿ ದೂರನ್ನೂ ದಾಖಲಿಸಿ. ಒಬ್ಬರಿಗೆ 99 ರೂಪಾಯಿ ಸಣ್ಣದೆನಿಸಿದರೂ ಅದೇ ಪುಟದಲ್ಲಿ ಹಣ ಕಟ್ಟುವವರು ನೀವೊಬ್ಬರೇ ಆಗಿರುವುದಿಲ್ಲ.