ಸಿ-85 ಎಂಜಿನ್‌ಗೆ ಒ-200 ಕ್ರ್ಯಾಂಕ್ ಹಾಕಿದ್ದರೆ ಡೇಟಾ ಪ್ಲೇಟ್ ಬದಲಿಸಬೇಕಾ?

ಪ್ಲೇಟ್ ಮುಟ್ಟಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿ 1946ರ ಸೆಸ್ನಾ 140 ಕೊಂಡಿದ್ದೀರಿ. ಎಂಜಿನ್ನಿನ ಹೆಸರು, ನಂಬರ್ ಹೊಡೆದಿರುವ ತಗಡು, ಅಂದರೆ ಡೇಟಾ ಪ್ಲೇಟ್ ಮೇಲೆ ಕಾಂಟಿನೆಂಟಲ್ ಸಿ-85-12ಎಫ್ ಅಂತ ಇದೆ. ಲಾಗ್‌ಬುಕ್ಕಿನಲ್ಲಿ ಮಾತ್ರ ಅದೇ ಕಂಪನಿಯ ದೊಡ್ಡ ಎಂಜಿನ್ ಒ-200ರ ಕ್ರ್ಯಾಂಕ್, ರಾಡ್, ಪಿಸ್ಟನ್ ಹಾಕಿದೆ ಅಂತ ಒಂದೇ ಸಾಲು. ಹ್ಯಾಂಗರಿನಲ್ಲಿ ಯಾರೋ "ಹಾಗಾದ್ರೆ ಇದು ಒ-200, ಪ್ಲೇಟಲ್ಲೂ ಹಾಗೇ ಹೊಡೆಸಿ" ಅಂದಿದ್ದಾರೆ. ನಾನು ಇಲ್ಲೇ ಎ ಅಂಡ್ ಪಿ, ಅಂದರೆ ವಿಮಾನದ ಒಡಲು, ಎಂಜಿನ್ ಎರಡಕ್ಕೂ ಲೈಸೆನ್ಸ್ ಇರುವ ಮೆಕ್ಯಾನಿಕ್. ಇಂಥ ಕೆಲಸ ಪರೀಕ್ಷಿಸಿ ಸಹಿ ಹಾಕುವ ಅಧಿಕಾರ, ಐಎ ಕೂಡ ಇದೆ. ಇಂಥ ಹಳೇ ಎಂಜಿನ್‌ಗಳ ಜೊತೆಗೇ ನನ್ನ ದಿನ ಕಳೆಯುವುದು.

ಊರಲ್ಲಿ ಹಳೇ ಜಾವಾ ಬೈಕಿಗೆ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಿದರೆ, ಎಂಜಿನ್ ನಂಬರ್ ಕೆರೆದು ಬೇರೆ ಹೊಡೆಸ್ತೀವಾ? ಇಲ್ಲ ಅಲ್ವಾ. ಇದೂ ಹಾಗೇ. ಎರಡೂ ಎಂಜಿನ್ನಿನ ಬೋರ್ ಒಂದೇ, 4.0625 ಇಂಚು. ಸ್ಟ್ರೋಕ್, ಅಂದರೆ ಕ್ರ್ಯಾಂಕ್ ತಿರುಗಿದಾಗ ಪಿಸ್ಟನ್ ಓಡುವ ದೂರ, ಮಾತ್ರ ಸಿ-85ರಲ್ಲಿ 3.625 ಇಂಚು, ಒ-200ರಲ್ಲಿ 3.875. ಆ ಕಾಲಿಂಚಿನಿಂದ 188 ಘನ ಇಂಚಿನ ಎಂಜಿನ್ 201 ಆಗುತ್ತದೆ. ನೆಲ ಬಿಡುವಾಗ ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತದೆ. (ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಪುಷ್ಪಕ್ ವಿಮಾನಕ್ಕೂ ಇದೇ ಮನೆತನದ ಸಿ-90 ಎಂಜಿನ್. ಅದೂ 201 ಘನ ಇಂಚೇ.)

ಆದರೆ ಈ ಕೆಲಸ ನಡೆಯುವುದು ಎಸ್‌ಟಿಸಿ ಅಡಿಯಲ್ಲಿ. ಅಂದರೆ ಮೂಲ ವಿನ್ಯಾಸಕ್ಕೆ ಇಂಥ ಬದಲಾವಣೆ ಮಾಡಬಹುದು ಅಂತ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೊಟ್ಟಿರುವ ಒಪ್ಪಿಗೆ. ಎಂಜಿನ್ ಸಿ-85 ಆಗಿಯೇ ಉಳಿಯುತ್ತದೆ. ಕಾಗದದಲ್ಲಿ ಅದು 2575 ಆರ್‌ಪಿಎಂಗೆ 85 ಅಶ್ವಶಕ್ತಿಯೇ. ಒ-200ರ 100 ಅಶ್ವಶಕ್ತಿಯನ್ನು ಯಾರೂ ಅದಕ್ಕೆ ಬರೆದುಕೊಡುವುದಿಲ್ಲ.

ಪ್ಲೇಟಿನ ವಿಷಯದಲ್ಲಿ ಎಫ್‌ಎಎ ನಿಯಮ 45.13 ಬಹಳ ಬಿಗಿ. ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್ ಇವನ್ನು ಒಪ್ಪಿಗೆ ಇಲ್ಲದೆ ತೆಗೆಯುವಂತಿಲ್ಲ, ತಿದ್ದುವಂತಿಲ್ಲ. ರಿಪೇರಿಗೆ ಬೇಕೇಬೇಕು ಅಂದಾಗ ಬಿಚ್ಚಬಹುದು, ಆದರೆ ಅದೇ ಎಂಜಿನ್ನಿಗೇ ವಾಪಸ್ ಹಾಕಬೇಕು. ಒಪ್ಪಿಗೆ ಪಡೆದ ಸೂಚನೆಯಲ್ಲೇ "ಮಾಡೆಲ್ ಹೀಗೆ ಬದಲಿಸಿ" ಅಂತ ಇದ್ದರೆ ಅದು ಬೇರೆ ಮಾತು. ನಿಮ್ಮ ಎಸ್‌ಟಿಸಿ ಕಾಗದ ಓದಿ, ಅದರಲ್ಲಿ ಇಲ್ಲದ್ದನ್ನು ಮಾಡಬೇಡಿ. ಒರೆಸುವುದಿದ್ದರೂ ಬಟ್ಟೆ, ಸ್ವಲ್ಪ ಮಿನರಲ್ ಸ್ಪಿರಿಟ್ಸ್ ಸಾಕು. ಒಬ್ಬರು ವೈರ್ ಬ್ರಶ್ ಹಾಕಿ ಉಜ್ಜಿ, ಸೀರಿಯಲ್ ನಂಬರಿನ ಕೊನೆಯ ಅಂಕಿ 3ಓ 8ಓ ತಿಳಿಯದ ಹಾಗೆ ಮಾಡಿಟ್ಟಿದ್ದರು. ಕಡೆಗೆ ಟಾರ್ಚನ್ನು ಓರೆಯಾಗಿ ಹಿಡಿದು, ನೆರಳಲ್ಲಿ ಓದಿದೆ. 3.

ನಿಮ್ಮ ನಿಜವಾದ ತಲೆನೋವು ಪ್ಲೇಟ್ ಅಲ್ಲ, ಆ ಒಂದೇ ಸಾಲು. ಇದು ಮೇಜರ್ ಆಲ್ಟರೇಶನ್, ಅಂದರೆ ದೊಡ್ಡ ಮಾರ್ಪಾಡು. ಅಂಥ ಕೆಲಸವನ್ನು ದಾಖಲಿಸುವ ಎಫ್‌ಎಎ ಫಾರ್ಮ್ 337 ಇರಲೇಬೇಕು. ಒಂದು ಪ್ರತಿ ಮಾಲೀಕರಿಗೆ, ಇನ್ನೊಂದು ಒಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ ಕಚೇರಿಗೆ. ಆ ಕಚೇರಿಯಿಂದ ನಿಮ್ಮ ವಿಮಾನದ ಪೂರ್ತಿ ಕಡತ ತರಿಸಿಕೊಳ್ಳಿ. ಆನ್‌ಲೈನಲ್ಲೇ ಕೇಳಬಹುದು, ಖರ್ಚು ಅಷ್ಟೇನಿಲ್ಲ.

ಜನ ಎಡವುವುದು ಇಲ್ಲೇ. ಕಡತ ಇರುವುದು ವಿಮಾನದ ಎನ್ ನಂಬರಿನ (ಅಮೆರಿಕದ ನೋಂದಣಿ ಸಂಖ್ಯೆ) ಮೇಲೆ, ಎಂಜಿನ್ ಸೀರಿಯಲ್ ಮೇಲಲ್ಲ. ಹೋದ ಸಲ ಒಬ್ಬ ಗಿರಾಕಿಯ ಕಡತ ತಿರುವಿ ಹಾಕಿದರೂ 337 ಸಿಗಲಿಲ್ಲ. ಎಂಜಿನ್ ಲಾಗ್‌ಬುಕ್ ಮೊದಲಿಂದ ಓದಿದಾಗ ನಡುವೆ ಒಂದು ಕಡೆ ಪೆನ್ಸಿಲ್‌ನಲ್ಲಿ ಬೇರೆ ಎನ್ ನಂಬರ್ ಕಂಡಿತು. ಆ ಎಂಜಿನ್ ಮೊದಲು ಇನ್ನೊಂದು ವಿಮಾನದಲ್ಲಿತ್ತು! ಆ ವಿಮಾನದ ಕಡತ ತರಿಸಿದರೆ 337 ಅಲ್ಲಿ ಆರಾಮಾಗಿ ಕೂತಿತ್ತು. ಅದಕ್ಕೇ ನಿಮ್ಮ ಲಾಗ್‌ಬುಕ್ಕಿನ ಅಂಚುಗಳನ್ನೂ ಬಿಡದೆ ನೋಡಿ.

ಎಲ್ಲೂ ಇಲ್ಲದಿದ್ದರೆ ಖರ್ಚು ಜಾಸ್ತಿ. ಒಳಗೆ ನಿಜವಾಗಿ ಏನಿದೆ ಅಂತ ತೆರೆದು ನೋಡಬೇಕು, ಪಾರ್ಟ್ ನಂಬರ್ ಓದಬೇಕು, ಸ್ಟ್ರೋಕ್ ಅಳೆಯಬೇಕು. ಎಸ್‌ಟಿಸಿ ಇಟ್ಟುಕೊಂಡವರಿಂದ ನಿಮ್ಮ ಎಂಜಿನ್ನಿಗೆ ಅಂತ ಲಿಖಿತ ಅನುಮತಿ ಬೇಕು. ಆಮೇಲೆ ಐಎ ಪರೀಕ್ಷಿಸಿ ಹೊಸ 337ಗೆ ಸಹಿ ಹಾಕಬಹುದು, ಇವತ್ತಿನ ತಾರೀಖಿಗೇ. ಹಳೇ ತಾರೀಖು ಹಾಕಿಕೊಡ್ತೀನಿ ಅನ್ನುವವರ ಹತ್ತಿರ ಹೋಗಬೇಡಿ.

ಇನ್ನೊಂದು, ಏರ್‌ವರ್ದಿನೆಸ್ ಡೈರೆಕ್ಟಿವ್ (ಸುರಕ್ಷತೆಗಾಗಿ ಎಫ್‌ಎಎ ಹೊರಡಿಸುವ ಕಡ್ಡಾಯ ಆದೇಶ) ಹುಡುಕುವಾಗ ಸಿ-85ದು ಮಾತ್ರ ನೋಡಿ ಸುಮ್ನಾಗಬೇಡಿ. ಒಳಗಿರುವುದು ಒ-200ರ ಭಾಗ, ಅದರ ಪಟ್ಟಿಯನ್ನೂ ನೋಡಲು ನಿಮ್ಮ ಮೆಕ್ಯಾನಿಕ್‌ಗೆ ಹೇಳಿ.

ಕಡತ ಬರುವುದರೊಳಗೆ ವಿಮಾನ ಮಾರಿದವರಿಗೆ ಒಂದು ಫೋನ್ ಮಾಡಿ. ಎಂಜಿನ್ನಿನ 337 ಪ್ರತಿಗಳನ್ನು ವಿಮಾನದ ಜೊತೆಗೇ ಕೊಡಬೇಕಾದ್ದು ಅವರ ಕೆಲಸ. ಎಷ್ಟೋ ಸಲ ಆ ಕಾಗದ ಗ್ಯಾರೇಜಿನ ಅಟ್ಟದ ಮೇಲೆ ಶೂ ಡಬ್ಬದಲ್ಲಿ ಬಿದ್ದಿರುತ್ತದೆ.