2147483647 ಅವಿಭಾಜ್ಯ ಅಂತ ಕೈಲೆಕ್ಕದಲ್ಲಿ ಹೇಗೆ ಗೊತ್ತಾಯ್ತು?

ಕಂಪ್ಯೂಟರ್ ಇಲ್ಲದ 1772ರಲ್ಲಿ ಗಣಿತಜ್ಞ ಆಯ್ಲರ್ ಈ ಸಂಖ್ಯೆ ಅವಿಭಾಜ್ಯ ಅಂತ ಹೇಗೆ ತೋರಿಸಿದರು, ಸಾವಿರಾರು ಭಾಗಾಕಾರ ಮಾಡಿದರಾ ಅಂತ ಕೇಳಿದ್ದೀರಿ. ಇಲ್ಲ, ಅಷ್ಟು ಬೇಕಾಗಲಿಲ್ಲ.

ಒಂದು ಸಂಖ್ಯೆ ಅವಿಭಾಜ್ಯವಾ ಅಂತ ನೋಡೋಕೆ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು; ಇದರ ವರ್ಗಮೂಲ 46340ಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿವರೆಗೆ 4792 ಅವಿಭಾಜ್ಯಗಳಿವೆ, ಎಲ್ಲದರಿಂದಲೂ ಭಾಗಿಸುತ್ತಾ ಕೂರೋದು ಯಾರಿಗೂ ಬೇಡ. ಇಲ್ಲಿ ಕೈಹಿಡಿಯೋದು ಸಂಖ್ಯೆಯ ರೂಪ: 31 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ 1 ಕಳೆದದ್ದು. ಇದನ್ನು ಯಾವುದಾದರೂ ಅವಿಭಾಜ್ಯ ಭಾಗಿಸೋದಾದರೆ, ಆ ಅವಿಭಾಜ್ಯವನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು (ಇದು ಫರ್ಮಾ ಅವರ ಕಿರು ಪ್ರಮೇಯದಿಂದ ಬರುತ್ತೆ), ಜೊತೆಗೆ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಎರಡೂ ಸೇರಿದರೆ 248ರಿಂದ ಭಾಗಿಸಿದಾಗ ಶೇಷ 1 ಅಥವಾ 63, ಬೇರೇನೂ ಸಾಧ್ಯವಿಲ್ಲ.

ನಂಬಿಕೆ ಬರಲಿಲ್ವಾ? 11 ಎರಡುಗಳ ಗುಣಲಬ್ಧದಲ್ಲಿ 1 ಕಳೆಯಿರಿ, 2047. ಅದು 23 ಗುಣಿಸು 89. ಇಲ್ಲಿ 62ರ ಜಾಗದಲ್ಲಿ 22 ಬರುತ್ತೆ: 23 ಅಂದರೆ 22ಕ್ಕೆ 1 ಸೇರಿಸಿದ್ದು, 89 ಅಂದರೆ 88ಕ್ಕೆ 1. ಎಷ್ಟು ಚಂದ ಅಲ್ವಾ!

ಹಾಗಾಗಿ ನಮ್ಮ ಸಂಖ್ಯೆಗೆ ಮೊದಲು ನೋಡಬೇಕಾದದ್ದೇ 311, ಅದಕ್ಕಿಂತ ಚಿಕ್ಕ ಅವಿಭಾಜ್ಯ ಒಂದೂ ಬೇಡ. ಭಾಗಿಸಿದರೆ ಶೇಷ 35. ಹೀಗೆ ಹೆಚ್ಚೆಂದರೆ 372 ಭಾಗಾಕಾರ, ಅದರಲ್ಲೂ 249 ತರಹ 3ರಿಂದ ಹೋಗುವಂಥವನ್ನು ತೆಗೆದರೆ ಇನ್ನೂ ಕಡಿಮೆ. ಆ ವೇಳೆಗೆ ಆಯ್ಲರ್‌ಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ ಅನ್ನೋದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ನೀವೂ ಒಂದು ಹಾಳೆ ತಗೊಂಡು 311ರ ಭಾಗಾಕಾರ ಮಾಡಿ ನೋಡಿ, ಆಮೇಲೆ 1303.