ಹಸುವಿನ ಮೂಳೆ ಸಾಂದ್ರತೆ: ಡೆಕ್ಸಾ, ಸಿಟಿ ಅಥವಾ ಎಕ್ಸ್‌ರೇ?

ನಮಸ್ಕಾರ. ಕರು ಹಾಕುವ ಮುಂಚೆ ಮತ್ತು ಆಮೇಲೆ ಅದೇ ಹಸುಗಳ ಮೂಳೆ ಸಾಂದ್ರತೆ ಅಳೆಯೋಕೆ ಡೆಕ್ಸಾ (ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಹಾಯಿಸಿ ಮೂಳೆಯ ಖನಿಜ ಅಳೆಯುವ ಯಂತ್ರ), ಸಿಟಿ (ಪದರ ಪದರವಾಗಿ ಚಿತ್ರ ತೆಗೆಯುವ ಸ್ಕ್ಯಾನ್), ಸಾದಾ ಎಕ್ಸ್‌ರೇ, ಈ ಮೂರರಲ್ಲಿ ಯಾವುದು ಸೂಕ್ತ ಅಂತ ಕೇಳಿದ್ದೀರಿ. ಕೊಟ್ಟಿಗೆಯಲ್ಲಿ ನಿಂತ ಹಸುವಿಗಾದರೆ ನಾನು ಬಾಲದ ಎಕ್ಸ್‌ರೇ ಅಂತಲೇ ಹೇಳ್ತೀನಿ, ಪಕ್ಕದಲ್ಲಿ ಮೆಟ್ಟಿಲಾಕಾರದ ಅಲ್ಯೂಮಿನಿಯಂ ತುಂಡು ಇದ್ದರೆ ಮಾತ್ರ.

ಬರೀ ಎಕ್ಸ್‌ರೇಯನ್ನು ಕಣ್ಣಲ್ಲಿ ನೋಡಿ ಅಂದಾಜು ಮಾಡಬೇಡಿ. ಖನಿಜ ಸುಮಾರು ಶೇ. 30ರಷ್ಟು ಕರಗುವ ತನಕ ವ್ಯತ್ಯಾಸವೇ ಕಾಣಲ್ಲ. ಅಲ್ಯೂಮಿನಿಯಂ ತುಂಡೂ ಬಾಲದ ಮೂಳೆಯೂ ಒಂದೇ ಚಿತ್ರದಲ್ಲಿ ಬಂದರೆ, ಮೂಳೆಯ ಬಿಳುಪು ಎಷ್ಟು ಮಿಲಿಮೀಟರ್ ಅಲ್ಯೂಮಿನಿಯಂಗೆ ಸಮ ಅಂತ ಲೆಕ್ಕ ಸಿಗುತ್ತೆ. ಬಾಲದಲ್ಲಿ ಮಾಂಸ, ಕೊಬ್ಬು ಕಡಿಮೆ, ಅದೇ ದೊಡ್ಡ ಅನುಕೂಲ. ಆದರೆ ಪ್ರತಿ ಸಲ ಬಾಲದ ಅದೇ ಮಣಿ (ಕಶೇರುಮೂಳೆ), ಅದೇ ದೂರ, ಅದೇ ಕೆವಿ (ಎಕ್ಸ್‌ರೇ ಯಂತ್ರದ ಕಿಲೋವೋಲ್ಟ್ ಮಟ್ಟ) ಇರಬೇಕು. ಬಾಲ ತುಸು ತಿರುಚಿದರೂ ಅಂಕಿ ಬದಲಾಗುತ್ತೆ. ಡಿಜಿಟಲ್ ಯಂತ್ರ ತಾನೇ ಹೊಳಪು ತಿದ್ದುತ್ತೆ, ಹಾಗಾಗಿ ತಿದ್ದದ ಮೂಲ ಚಿತ್ರವನ್ನೇ ಕೇಳಿ ಪಡೆಯಿರಿ.

ಡೆಕ್ಸಾ ಕೊಡೋದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಅಂತ. ಆಳ ಲೆಕ್ಕಕ್ಕೆ ಬರದ ಕಾರಣ ದಪ್ಪ ಮೂಳೆಯ ಹಸು ಸುಮ್ಮನೆ ಹೆಚ್ಚು ತೋರಿಸುತ್ತೆ. ಅದೇ ಹಸುವನ್ನು ಅದರ ಜೊತೆಗೇ ಹೋಲಿಸಿದರೆ ಈ ತೊಂದರೆ ಅಷ್ಟಿಲ್ಲ.

ನಿಖರತೆಯಲ್ಲಿ ಸಿಟಿಯೇ ಮೇಲು. ಹೊರಗಿನ ಗಟ್ಟಿ ಕವಚ, ಒಳಗಿನ ಸ್ಪಂಜಿನಂಥ ಭಾಗ ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತೆ. ಆದರೆ ತುಂಬು ಗಬ್ಬದ ಹಸುವಿಗೆ ಅರಿವಳಿಕೆ ಕೊಟ್ಟು ಮೇಜಿನ ಮೇಲೆ ಮಲಗಿಸೋದು ಬೇಡವೇ ಬೇಡ: ಹೊಟ್ಟೆ ಉಬ್ಬರ, ಮೇವು ಶ್ವಾಸನಾಳಕ್ಕೆ ನುಗ್ಗುವ ಅಪಾಯ ಎರಡೂ ಇವೆ. ಸತ್ತ ಹಸುಗಳ ಬಾಲದ ಮೂಳೆ ಸಿಕ್ಕರೆ ಅದನ್ನು ಸಿಟಿಗೆ ಹಾಕಿ, ನಿಮ್ಮ ಎಕ್ಸ್‌ರೇ ವಿಧಾನವನ್ನು ಅದರ ಜೊತೆ ತಾಳೆ ನೋಡಿ.